ಊರಾಳು ನಿಂತಷ್ಟು ಹೊತ್ತು

ಮಗ್ಗದ ಊರು ಅಂತ ಒಂದಿತ್ತು. ಯಾವ ದಿಕ್ಕಿಗೆ, ಎಷ್ಟು ಹರದಾರಿ ಅಂತ ಕೇಳಬೇಡಿ. ಕೇಳಿಕೊಂಡು ಹೊರಟವರೆಲ್ಲ ಬೇರೆ ಯಾವುದೋ ಊರಿಗೆ ಹೋಗಿ ಮುಟ್ಟಿದ್ದಾರೆ. ಆ ಊರಿಗೆ ಒಂದು ಕಟ್ಟು ಇತ್ತು. ಅದನ್ನು ಯಾರು ಹಾಕಿದರು, ಯಾಕೆ ಹಾಕಿದರು ಅನ್ನುವುದು ಊರಿನ ಎಲ್ಲರಿಗಿಂತ ಹಿರಿಯ ಮುದುಕಿಗೂ ಗೊತ್ತಿರಲಿಲ್ಲ. ಊರವರು ಆರಿಸಿ ಸಭೆಗೆ ಕಳಿಸಿದ ಊರಾಳು ಅಲ್ಲಿ ಸಭೆಯಲ್ಲಿ ಕೂತರೆ, ಇಲ್ಲಿ ಊರಲ್ಲಿ ಯಾರಿಗೂ ಕೂರಲಿಕ್ಕೆ ಬರುತ್ತಿರಲಿಲ್ಲ. ಊರಾಳು ಎದ್ದು ನಿಂತರೆ ಊರು ಕೂರುತ್ತಿತ್ತು. ಸಭೆ ಇಲ್ಲದಾಗ ಯಾವ ತಡೆಯೂ ಇರಲಿಲ್ಲ. ಇಷ್ಟೇ ಕಟ್ಟು.

ಮಲಗಬಹುದಿತ್ತು. ನಡೆಯಬಹುದಿತ್ತು, ಓಡಬಹುದಿತ್ತು, ಮನಸ್ಸಾದರೆ ಮರ ಹತ್ತಬಹುದಿತ್ತು. ಕೂರಬೇಕು ಅಂದುಕೊಂಡರೆ ಮಾತ್ರ ಆ ಗಳಿಗೆಯಲ್ಲೇ ಮೊಣಕಾಲು ಒನಕೆಯಂತೆ ಸೆಟೆದು ನಿಲ್ಲುತ್ತಿತ್ತು. ಬೇರೆ ಊರಾಗಿದ್ದರೆ ಹೇಗೋ ಸಂಭಾಳಿಸಿಕೊಳ್ಳುತ್ತಿದ್ದರು. ಆದರೆ ಇದು ನೇಕಾರರ ಊರು. ಮನೆಮನೆಗೂ ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೇ ನೇಯ್ಗೆ. ದೀಪದ ಬೆಳಕಿನಲ್ಲಿ ಎಳೆಯ ಬಣ್ಣ ತಿಳಿಯುವುದಿಲ್ಲ, ಹಗಲಲ್ಲೇ ನೇಯಬೇಕು. ಸಭೆ ಸೇರುವುದೂ ಹಗಲಲ್ಲೇ. ಅಂದಮೇಲೆ ಊರಿನ ಪಾಡನ್ನು ನೀವೇ ಯೋಚನೆ ಮಾಡಿ.

ಹಿಂದೆ ಒಬ್ಬ ಊರಾಳು ಇದ್ದ. ದೊಡ್ಡ ಮನೆತನದವನು, ನುಣ್ಣಗೆ ಮಾತಾಡುವವನು. ಸಭೆಗೆ ಹೋದ ಮೊದಲ ದಿನ ಕೂತವನು ಐದು ವರ್ಷ ಏಳಲಿಲ್ಲ. ಆ ಐದು ವರ್ಷ ಊರಿನ ಮದುಮಕ್ಕಳು ಹಸೆಮಣೆಯ ಮೇಲೆ ನಿಂತುಕೊಂಡೇ ಧಾರೆ ಎರೆಸಿಕೊಂಡರು. ಬೀಗರು ನಿಂತೇ ಉಂಡರು, ನಿಂತೇ ಮುನಿಸಿಕೊಂಡರು. ನಡುವೆ ಒಂದೇ ಒಂದು ಸಲ ಆ ಮಹಾರಾಯ ಎದ್ದು ನಿಂತು, "ಗಾಳಿ ಬರ್ತಾ ಇದೆ, ಆ ಕಿಟಕಿ ಮುಚ್ಚಿ" ಅಂದನಂತೆ. ಅವನು ಅಷ್ಟು ಹೇಳಿ ಮುಗಿಸುವಷ್ಟು ಹೊತ್ತು ಊರೆಲ್ಲ ಕೂತಿತ್ತು. ಆ ಸುಖವನ್ನು ಮುದುಕರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಅಲ್ಲಿಂದ ಊರಿಗೆ ಬುದ್ಧಿ ಬಂತು. ಐದು ವರ್ಷಕ್ಕೊಮ್ಮೆ ನಿಲ್ಲುವ ದಿನ ಅಂತ ಒಂದು ಮಾಡಿದರು. ಊರಾಳು ಆಗಬೇಕೆನ್ನುವವರು ಹೊತ್ತು ಹುಟ್ಟುವಾಗ ಕಟ್ಟೆಯ ಸುತ್ತ ಬಂದು ನಿಲ್ಲಬೇಕು. ಭಾಷಣ ಇಲ್ಲ, ಆಣೆ ಪ್ರಮಾಣ ಇಲ್ಲ. ಊರವರು ಅವರ ಮುಖ ನೋಡುತ್ತಿರಲಿಲ್ಲ, ಹಿಮ್ಮಡಿ ನೋಡುತ್ತಿದ್ದರು. ಸಂಜೆಗೆ ಕೊನೆಯವರೆಗೆ ಯಾರು ನಿಂತಿರುತ್ತಾರೋ ಅವರೇ ಊರಾಳು.

ಆ ವರ್ಷ ಹನ್ನೊಂದು ಜನ ನಿಂತಿದ್ದರು. ಅವರನ್ನು ನೋಡಲಿಕ್ಕೆ ಹಕ್ಕಿ ಕಾಯುವವಳೂ ಬಂದಿದ್ದಳು. ಇವಳ ಕೆಲಸ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವುದು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವವಳಿಗೆ ಊರಿನ ಕಟ್ಟು ಒಂದು ದಿನವೂ ತಟ್ಟಿರಲಿಲ್ಲ. ಊರು ಯಾವಾಗ ಕೂರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಜೋಳ ಕಟಾವಾಗಿತ್ತು, ಕೆಲಸ ಇರಲಿಲ್ಲ, ಮಡಿಲಲ್ಲಿ ಹುರಿದ ಶೇಂಗಾ ಇತ್ತು. ಊರವರೆಲ್ಲ ನೆಲದ ಮೇಲೆ ಕೂತು ನೋಡುತ್ತಿದ್ದರೆ, ಇವಳು ರೂಢಿಯಂತೆ ಒಂದು ಮೂಲೆಯಲ್ಲಿ ನಿಂತು ಶೇಂಗಾ ಸುಲಿಯುತ್ತ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಐದು ಜನ ಕೂತರು. ಇಬ್ಬರು, ಯಾರು ಮೊದಲು ಕೂತದ್ದು ಅಂತ ಜಗಳ ತೆಗೆದು, ಕೂತೇ ಜಗಳ ಮುಂದುವರಿಸಿದರು. ಮೂವರಿಗೆ ನರ ಹಿಡಿಯಿತು. ಹೊತ್ತು ಮುಳುಗುವಾಗ ಗರಡಿಯ ಪೈಲ್ವಾನ ಒಬ್ಬನೇ ಉಳಿದಿದ್ದ. ಅವನೂ ಅವ್ವನನ್ನು ನೆನೆಸಿಕೊಂಡು ದಪ್ಪನೆ ಕೂತುಬಿಟ್ಟ. ಕೊನೆಯವನು ಅವನೇ ಅಂತ ಡೊಳ್ಳಿನವನು ಕೋಲು ಎತ್ತಿದ. ಹಿರೇ ನೇಕಾರ, ಅಂದರೆ ಊರಿನ ಯಜಮಾನ, ಕೈ ಅಡ್ಡ ಹಿಡಿದ.

"ತಡಿಯೋ. ಇನ್ನೊಬ್ಬಾಕಿ ನಿಂತಾಳ."

ಊರೆಲ್ಲ ತಿರುಗಿ ನೋಡಿತು. ಹಕ್ಕಿ ಕಾಯುವವಳೂ ಯಾರಪ್ಪಾ ಅದು ಅಂತ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ ಇತ್ತು.

"ನೀನ ನಮ್ಮವ್ವ" ಅಂದ ಹಿರೇ ನೇಕಾರ.

"ನಾ ಶೇಂಗಾ ತಿನ್ನಾಕ ಬಂದೀನ್ರೀ."

"ತಿನ್ಕೋಂತ ಹೋಗು ಸಭಾಕ್ಕ. ಯಾರ್ ಬ್ಯಾಡ ಅಂದ್ರು?"

ಹಕ್ಕಿ ಕಾಯುವವಳು ಊರಾಳು ಆದದ್ದು ಹೀಗೆ. ಮನೆಗೆ ಬಂದರೆ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಊರಿಗೇ ಒಳ್ಳೆಯ ನೇಕಾರ್ತಿ. ತಂಗಿಯನ್ನು ಸಾಕಿದವಳೂ ಅವಳೇ.

"ಅಲ್ಲಿ ಹೋಗಿ ಏನ್ ಮಾತಾಡ್ತೀ? ನಿನಗ ಏನ್ ಬರ್ತೈತಿ?"

"ಹಕ್ಕಿ ಓಡಸಾಕ ಬರ್ತೈತಿ."

ಅಕ್ಕ ತಲೆ ಚಚ್ಚಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಹೊಟ್ಟೆಪಾಡಿನ ಮಗ್ಗದ ಪಕ್ಕದಲ್ಲಿ ಇನ್ನೊಂದು ಮಗ್ಗ ಖಾಲಿ ಇತ್ತು. ಅದಕ್ಕೆ ದಾಳಿಂಬೆ ಬಣ್ಣದ ಉದ್ದೆಳೆಯ ಹಾಸು ಏರಿಸಿದಳು. "ಇದು ನಿನ್ನ ಸೀರಿ. ನೀ ಸಭ್ಯಾಗ ನಿಂತ ದಿನಕ್ಕ ನಾಕ ಎಳಿ. ನಿಲ್ಲದ ದಿನಕ್ಕ ಒಂದ ಎಳೀನೂ ಇಲ್ಲ. ಊರಾಳ್ತನ ಮುಗಿಸಿ ಬಂದ ದಿನ ಇದನ್ನ ಉಡಸ್ತೀನಿ. ಗೇಣುದ್ದ ಆಗಿದ್ರ ಗೇಣುದ್ದದ್ದನ್ನ ಉಟ್ಕೊಂಡು ಊರಾಗ ಅಡ್ಡಾಡ್ಬೇಕು ನೋಡು" ಅಂದಳು.

ಊರಾಳು ಹೆದರಿದಳು. ಸಭೆಗೆ ಹೆದರಲಿಲ್ಲ, ಆ ಗೇಣುದ್ದದ ಸೀರೆಗೆ ಹೆದರಿದಳು.

ಮೊದಲು ಅವಳು ಹೋದದ್ದು ಚಿಕ್ಕ ಸಭೆಗೆ. ನಾಡಿನ ಊರಾಳುಗಳೆಲ್ಲ ಸೇರುವ ಬಿಳಿಯ ಕಟ್ಟಡ ಅದು, ಮೇಲೆ ಗುಮ್ಮಟ, ಗುಮ್ಮಟದ ತುಂಬ ಪಾರಿವಾಳ. ಅಲ್ಲಿಯ ನಿಯಮ ಸರಳವಾಗಿತ್ತು. ನಿಂತವರು ಮಾತಾಡಬೇಕು, ಮಾತು ನಿಂತರೆ ಕೂರಬೇಕು. ಎತ್ತರದಲ್ಲಿ ಸಭಾಪತಿ ಇದ್ದರು. ಅವರ ಬಾಯಲ್ಲಿ ಒಂದೇ ಮಾತು, "ಕುಳಿತುಕೊಳ್ಳಿ". ನಿದ್ದೆಯಲ್ಲಿಯೂ ಅದನ್ನೇ ಅನ್ನುತ್ತಿದ್ದರಂತೆ.

ಊರಾಳು ಮೊದಲ ದಿನವೇ ಎದ್ದಳು.

"ಮಾನ್ಯ ಸದಸ್ಯರೇ, ವಿಷಯ ಏನು?"

ವಿಷಯ ಇರಲಿಲ್ಲ. ಊರಾಳು ಬಾಯಿ ತೆರೆದಳು, ಮುಚ್ಚಿದಳು. ಈಗ ಅಕ್ಕ ಮಗ್ಗದ ಗುಂಡಿಯ ಅಂಚಿಗೆ ಕೂತು ಲಾಳಿ ಕೈಗೆತ್ತಿಕೊಂಡಿರುತ್ತಾಳೆ. ನಾನು ಕೂತರೆ ಅವಳು ದಡಕ್ಕನೆ ಏಳಬೇಕಾಗುತ್ತದೆ. ಹಾಗೆ ನೆನೆಸಿಕೊಂಡು, ತನಗೆ ಗೊತ್ತಿದ್ದದ್ದನ್ನೇ ಹೇಳಲಿಕ್ಕೆ ಹಿಡಿದಳು.

"ಗಿಣಿ ಬರೂದು ಹೊತ್ತು ಹುಟ್ಟೂಕಿಂತ ಮೊದಲ ರೀ. ಗಿಣಿ ಒಂದು ಕಾಳು ತಿಂದ್ರ ಹತ್ತು ಕಾಳು ಕೆಡವತೈತಿ. ಗುಬ್ಬಿ ಹಂಗಲ್ಲ..."

"ಕುಳಿತುಕೊಳ್ಳಿ."

"ಕುಂದರ್ತೀನ್ರೀ, ಗುಬ್ಬಿ ವಿಷಯ ಒಂದು ಮುಗೀಲಿ."

ಗುಬ್ಬಿ ವಿಷಯ ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಮರುದಿನ ಬೆಳವ, ಅದರ ಮರುದಿನ ಕಾಗೆ. ಬೆದರುಬೊಂಬೆಯ ತಲೆಯ ಮೇಲೇ ಕೂತು ಕಾಳು ತಿನ್ನುವ ಕಾಗೆಯ ಬಗ್ಗೆ ಅವಳು ಹೇಳಿದಾಗ ಮುಂದಿನ ಸಾಲಿನ ಮಂತ್ರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಳು ಕಾಯಲಿಕ್ಕೆ ಇಟ್ಟುಕೊಂಡ ನಾಯಿಯೇ ಕಾಳು ತಿಂದ ಕಥೆಗೆ ಇಬ್ಬರು ಎದ್ದು ಹೊರಗೇ ಹೋದರು. ಊರಾಳಿನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅವಳು ನಿಜವಾಗಿ ನಾಯಿಯ ಬಗ್ಗೆಯೇ ಹೇಳಿದ್ದಳು. ಕುಂಬಳಕಾಯಿ ಕದ್ದವರು ಹೆಗಲು ಮುಟ್ಟಿ ನೋಡಿಕೊಂಡರೆ ಅವಳೇನು ಮಾಡಬೇಕು?

ಮೂರು ವಾರಕ್ಕೆ ಹಕ್ಕಿ ಮುಗಿದವು. ಆಗ ಊರಿನ ಮುರಿದ ಸೇತುವೆ ನೆನಪಾಯಿತು. ಒಂಬತ್ತು ದಿನ ಸೇತುವೆಯ ಬಗ್ಗೆ ಮಾತಾಡಿದಳು. ಯಾವ ಕಲ್ಲು ಯಾವ ಮಳೆಗೆ ಬಿತ್ತು, ಬಿದ್ದಾಗ ಅದರ ಮೇಲೆ ಯಾರ ಎಮ್ಮೆ ಇತ್ತು, ಎಲ್ಲ. ಹತ್ತನೆಯ ದಿನ ಸಭಾಪತಿ ಎರಡೂ ಕೈ ಜೋಡಿಸಿ, "ಸೇತುವೆ ಕಟ್ಟಿಸೋಣ, ದಯವಿಟ್ಟು ಕುಳಿತುಕೊಳ್ಳಿ" ಅಂದರು. ಕಟ್ಟಿಸಿಯೂ ಬಿಟ್ಟರು. ಆಮೇಲೆ ಬಾವಿ ಆಯಿತು, ಶಾಲೆ ಆಯಿತು, ಹೆರಿಗೆ ಮನೆ ಆಯಿತು. ಎಲ್ಲ ಆದಮೇಲೆ ಊರಾಳಿಗೆ ಹೊಸ ಕಳವಳ ಶುರುವಾಯಿತು. ಊರಿನಲ್ಲಿ ಕಷ್ಟ ಖರ್ಚಾಗುತ್ತ ಬಂದಿತ್ತು. ಇನ್ನು ನಿಲ್ಲುವುದು ಹೇಗೆ?

ಸಭೆಗೆ ರಜೆ ಇದ್ದಾಗ ಅವಳು ಸುಮ್ಮನಿರದೆ ಅಕ್ಕಪಕ್ಕದ ಊರಿಗೆ ಹೊರಟಳು. ತರಕಾರಿಯವಳು ಕೂಗುವಂತೆ ಓಣಿಯ ತುದಿಯಲ್ಲಿ ನಿಂತು ಕೂಗುವುದು, "ಏನಾರ ಕಷ್ಟ ಐತೇನ್ರೀ, ಕಷ್ಟ?" ಜನ ಮೊದಲು ನಕ್ಕರು. ಆಮೇಲೆ ಒಬ್ಬಳು ಬಂದು ಗಂಡು ದಿಕ್ಕಿಲ್ಲದ ತನ್ನ ಮನೆಯ ಹೊಲದ ಬದು ಒತ್ತುವರಿಯಾದದ್ದು ಹೇಳಿದಳು. ಆಮೇಲೆ ಇನ್ನೊಬ್ಬ. ಆಮೇಲೆ ಊರಿಗೆ ಊರೇ ಬಂತು. ಕೇಳುತ್ತ ಕೇಳುತ್ತ ಊರಾಳಿಗೆ ಒಂದು ಗೊತ್ತಾಯಿತು: ಹೇಳಿಕೊಂಡವರ ಮುಖ ಹೇಳುವ ಮೊದಲಿನ ಮುಖದಂತೆ ಇರುತ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳು ನಿಲ್ಲುವ ಸಲುವಾಗಿ ಮಾತ್ರ ಮಾತಾಡಲಿಲ್ಲ. ಹೇಳಲಿಕ್ಕೆ ಇತ್ತು ಅಂತ ನಿಂತಳು.

ಹೀಗೆ ಹತ್ತು ವರ್ಷ. ನಡುವೆ ನಿಲ್ಲುವ ದಿನ ಬಂದಾಗಲೂ ಅವಳ ಎದುರಿಗೆ ನಿಲ್ಲಲಿಕ್ಕೆ ಯಾರೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಊರು ಕೂತು ನೇಯಿತು, ಕೂತು ಉಂಡಿತು, ಕೂತು ಕಾಲು ಚಾಚಿ ಹರಟೆ ಹೊಡೆಯಿತು. ಅಕ್ಕನ ಸೀರೆ ಮಗ್ಗದ ಕುಂಟೆಗೆ, ಅಂದರೆ ನೇಯ್ದದ್ದನ್ನು ಸುತ್ತುವ ದಿಮ್ಮಿಗೆ, ಸುತ್ತಿಕೊಳ್ಳುತ್ತ ದಪ್ಪವಾಯಿತು. ಚಿಕ್ಕ ಸಭೆಯಲ್ಲಿ ಹೆಸರಾದವರನ್ನು ದೊಡ್ಡ ಸಭೆಗೆ ಕರೆಸಿಕೊಳ್ಳುವ ರೂಢಿ ಇತ್ತು. ಹೋದವರ ಬೆನ್ನಿಗೆ ಊರಿನ ಕಟ್ಟೂ ಹೋಗುತ್ತಿತ್ತು, ಇನ್ನು ಊರಿನ ಮೊಣಕಾಲು ಆ ಸಭೆಯ ಲೆಕ್ಕಕ್ಕೆ. ಅವಳಿಗೆ ಕರೆ ಬಂದಾಗ ಊರೆಲ್ಲ ಹೋಳಿಗೆ ಮಾಡಿ ಉಂಡಿತು, ಕೂತೇ.

ದೊಡ್ಡ ಸಭೆ ಬಹಳ ದೊಡ್ಡದು. ಐನೂರು ಊರಾಳುಗಳು, ಐನೂರು ಆಸನ, ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಮುಟ್ಟುವಾಗ ಕೆಮ್ಮು ವಾಸಿಯಾಗಿರುತ್ತಿತ್ತು. ಅಲ್ಲಿಯ ನಿಯಮ ಬೇರೆ. ಒಬ್ಬೊಬ್ಬರಿಗೂ ಒಂದೊಂದು ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ಮಾತಾಡುವವರು ತಮ್ಮ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಟ್ಟು ನಿಲ್ಲಬೇಕು. ಬಟ್ಟಲು ತುಂಬಿ ಮುಳುಗಿತೋ, ಕೂರಬೇಕು. ದಿನಕ್ಕೆ ಒಂದು ಬಟ್ಟಲು, ಒಂದೇ ಮುಳುಗು. ಅಬ್ಬಬ್ಬಾ ಅಂದರೆ ಎಲೆಯಡಿಕೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು.

ಊರಾಳು ದಿನಾ ನಿಂತಳು, ಬಟ್ಟಲು ದಿನಾ ಮುಳುಗಿತು. ಊರಿನ ಹೆಸರು ಹೇಳಿ, ಕಾಲುವೆ ಬೇಕು ಅಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗುಳುಕ್ ಅಂತ ಸದ್ದು. ಉಳಿದ ಹೊತ್ತೆಲ್ಲ ಅವಳು ಮೆತ್ತನೆಯ ಆಸನದ ಅಂಚಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂರುತ್ತಿದ್ದಳು. ಇತ್ತ ಊರವರು ಆ ಒಂದು ಬಟ್ಟಲಿನ ಹೊತ್ತಿಗಾಗಿ ಮಗ್ಗದ ಪಕ್ಕದಲ್ಲೇ ಕಾದು ನಿಂತಿರುತ್ತಿದ್ದರು. ಮೊಣಕಾಲು ಸಡಿಲಾದ ಕೂಡಲೇ ದುಡುದುಡು ಗುಂಡಿಗಿಳಿದು ನಾಲ್ಕು ಎಳೆ ಹಾಕುವುದು, ಮತ್ತೆ ಏಳುವುದು. ಅಕ್ಕ ಆ ನಾಲ್ಕನ್ನೂ ತಂಗಿಯ ಸೀರೆಗೇ ಹಾಕುತ್ತಿದ್ದಳು. ಹೊಟ್ಟೆಪಾಡಿನ ಮಗ್ಗದಲ್ಲಿ ಜೇಡ ನೇಯುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಆಸನದ ತುದಿಯಲ್ಲಿ ಕೂತು ಕೂತು, ನಿಲ್ಲುವಾಗ ಬಾರದ ಬಾವು ಈಗ ಊರಾಳಿನ ಕಾಲಿಗೆ ಬಂತು.

ಆಗ ಮುಂದಿನ ಸಾಲಿನ ಹಿರಿಯ ಅವಳನ್ನು ಕರೆಸಿದ. ದೊಡ್ಡ ಸಭೆ ನಡೆಯುತ್ತಿದ್ದದ್ದು ಅವನ ಹುಬ್ಬು ಆಡಿದಂತೆ.

"ನೀನು ಒಳ್ಳೆಯವಳಮ್ಮ. ಮುಂದಿನ ಸಾಲಿನಲ್ಲಿ ಒಂದು ಪೀಠ ಖಾಲಿ ಇದೆ, ನೀನು ತಗೋ. ನಿಮ್ಮ ಊರಿಗೆ ಕಾಲುವೆ ಬೇಕು ಅಂತೀಯಲ್ಲ, ಅದೂ ಬರುತ್ತೆ. ಒಂದೇ ಷರತ್ತು. ಪೀಠದಲ್ಲಿ ಕೂತವರು ಐದು ವರ್ಷ ಏಳೋ ಹಾಗಿಲ್ಲ."

"ಊರನ್ನ ಒಂದ್ ಮಾತು ಕೇಳಿ ಬರ್ತೀನ್ರೀ" ಅಂದಳು ಊರಾಳು.

ಊರು ಕಟ್ಟೆಯ ಸುತ್ತ ಸೇರಿತು. ಸಭೆಗೆ ರಜೆ, ಬೇಕಿದ್ದರೆ ಕೂರಬಹುದಿತ್ತು. ಆದರೂ ಯಾರೂ ಕೂರಲಿಲ್ಲ. ಊರಾಳು ಎಲ್ಲ ಹೇಳಿದಳು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಐದು ವರ್ಷ ಒಂದು ಎಳೆಯೂ ಇಲ್ಲದ ಮಗ್ಗ. ಹೇಳುವಾಗ ಅವಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸಿದಳು. ಇಲ್ಲೇ ನೋಡಿ ಊರು ತಪ್ಪು ಮಾಡಿದ್ದು. ಹಿಮ್ಮಡಿ ನೋಡಿ ಆಳು ಆರಿಸುವ ಊರು ಅದು. ಎಲ್ಲರ ಕಣ್ಣೂ ಅವಳ ಕಾಲಿಗೆ ಹೋಯಿತು. ಮರದ ತುಂಡಿನಂತೆ ಊದಿದ ಆ ಕಾಲು ಕಂಡದ್ದೇ ಕಾಲುವೆಯೂ ಮರೆಯಿತು, ಮಗ್ಗವೂ ಮರೆಯಿತು.

"ಯವ್ವಾ, ಕುಂದ್ರವ್ವ" ಅಂದ ಹಿರೇ ನೇಕಾರ. "ಹತ್ತು ವರ್ಷ ನಮ್ಮ ಸಲುವಾಗಿ ನಿಂತೀ. ಐದು ವರ್ಷ ನಿನ್ನ ಸಲುವಾಗಿ ನಾವು ನಿಲ್ಲಾಕ ಆಗಂಗಿಲ್ಲೇನು?"

ಊರೆಲ್ಲ ಹೌದು ಹೌದು ಅಂದಿತು. ಮನೆಗೊಂದರಂತೆ ಸೀರೆಯ ಅಂಚಿನ ತುಂಡು ತಂದು, ಸೇರಿಸಿ ಹೊಲಿದು, ಬೂರುಗದ ಅರಳೆ ತುಂಬಿ ಒಂದು ಮೆತ್ತೆ ಮಾಡಿದರು. ಪೀಠದ ಮೇಲೆ ಹಾಕಿಕೊಳ್ಳಲಿಕ್ಕೆ. ಅಕ್ಕ ಸಂಜೆಯ ತನಕ ತಂಗಿಯ ಕಾಲಿಗೆ ಎಣ್ಣೆ ನೀವಿದಳು, ಮರುದಿನ ಬೆಳಿಗ್ಗೆ ಎರಡೂ ಮಗ್ಗದ ಗುಂಡಿಗೆ ಹಲಗೆ ಮುಚ್ಚಿದಳು.

"ಸೀರಿ?" ಅಂದಳು ಊರಾಳು.

"ಮೊಣಕಾಲ ತನಕ ಬರ್ತೈತಿ. ಸಾಕು ಬಿಡು, ಹೊಲದಾಗ ಉಟ್ಕೊಳ್ಳಾಕ ಸರಿ ಐತಿ."

ಅಕ್ಕ ನಗಿಸಲಿಕ್ಕೇ ಹಾಗೆ ಅಂದದ್ದು. ಇಬ್ಬರಿಗೂ ನಗು ಬರಲಿಲ್ಲ.

ಊರು ನಿಲ್ಲಲಿಕ್ಕೆ ತಯಾರಾಯಿತು. ಒಲೆಗಳನ್ನು ಸೊಂಟದೆತ್ತರಕ್ಕೆ ಏರಿಸಿದರು. ತೊಟ್ಟಿಲನ್ನು ಮೇಲಕ್ಕೆ ಕಟ್ಟಿದರು. ಚೌರದವನು, ಇನ್ನು ಮೇಲೆ ಎತ್ತರದವರ ಚೌರಕ್ಕೆ ನಾನು ಕಲ್ಲಿನ ಮೇಲೆ ಹತ್ತುತ್ತೇನೆ ಅಂದ. ಅತ್ತ ಊರಾಳು ಮೆತ್ತೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂಡಿಯಲ್ಲಿ ಹೋದಳು. ದಾರಿಯುದ್ದಕ್ಕೂ ಮೆತ್ತೆಯ ತುಂಡುಗಳ ಮೇಲೆ ಬೆರಳಾಡಿಸಿದಳು. ಈ ಹಸಿರಂಚು ಹಿರೇ ನೇಕಾರನದು. ಈ ಅಡ್ಡಗೆರೆ ಬಾಗಿಲ ಮನೆಯ ಬಾಣಂತಿಯದು. ತುಂಡಿಗೊಂದು ಮನೆ, ಮನೆಗೊಂದು ಗುಂಡಿ, ಪ್ರತಿ ಗುಂಡಿಗೂ ಈಗ ಹಲಗೆ. ಅವಳಿಗೆ ಅಳು ಬಂತು, ಅತ್ತಳು. ಅತ್ತಮೇಲೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸಿಟ್ಟು ಇಳಿದಮೇಲೆ ತಲೆ ಓಡಿತು.

ದೊಡ್ಡ ಸಭೆ ಸೇರಿತು. ಊರಾಳು ಮೊದಲು ತನ್ನ ಹಳೆಯ ಆಸನದಲ್ಲಿ ಕೂತಳು. ಹಿರಿಯ ಪೀಠದ ಕಡೆ ಕೈ ತೋರಿಸಿದ. ಊರಾಳು ಎದ್ದು, ಮೆತ್ತೆಯನ್ನು ಪೀಠದ ಮೇಲೆ ಹಾಸಿ, ಸುಕ್ಕು ತೆಗೆದು, ಕೂರದೆ ಹಿಂದಿನ ಸಾಲುಗಳ ಕಡೆ ನಡೆದಳು. ಕೊನೆಯ ಮೂಲೆಯಲ್ಲಿ ಒಬ್ಬ ಮುದುಕ ಊರಾಳು ತೂಕಡಿಸುತ್ತಿದ್ದ. ಅವನ ಬಟ್ಟಲು ಒಣಗಿ ಬಲೆ ಕಟ್ಟಿತ್ತು.

"ಅಜ್ಜಾರೇ, ನಿಮ್ಮ ಬಟ್ಟಲ ನನಗ ಕೊಡ್ರಿ. ನಿಮ್ಮ ಊರಿನ ಮಾತು ನಾ ಆಡ್ತೀನಿ."

ಮುದುಕ ಕಣ್ಣು ಬಿಟ್ಟ. "ನಮ್ಮ ಊರಾ?" ಅಂದ. ಬಹಳ ಹೊತ್ತು ಯೋಚಿಸಿದ. "ನಮ್ಮೂರಲ್ಲಿ ಒಂದು ಬಾವಿಗೆ ಹೆಣ್ಣುಮಕ್ಕಳು ಎರಡು ಹರದಾರಿ ನಡೀತಿದ್ರು. ಅದನ್ನ ಹೇಳಬೇಕು ಅಂತಲೇ ನಾನು ಬಂದದ್ದು. ಮೊದಲ ದಿನ ಬಟ್ಟಲು ಮುಳುಗಿಬಿಡ್ತು. ಆಮೇಲೆ..." ಆಮೇಲೆ ಏನಾಯಿತು ಅಂತ ಅವನಿಗೇ ನೆನಪಾಗಲಿಲ್ಲ. ಬಟ್ಟಲನ್ನು ಪಂಚೆಯ ತುದಿಯಿಂದ ಒರೆಸಿ ಎರಡೂ ಕೈಯಲ್ಲಿ ಕೊಟ್ಟ. ಪಕ್ಕದವನು ನೋಡಿದ, ಅವನೂ ಕೊಟ್ಟ. ಐನೂರು ಜನರಲ್ಲಿ ನಾನೂರು ಜನ ಬಟ್ಟಲು ತೇಲಿಬಿಡದೆ ವರ್ಷಗಳಾಗಿದ್ದವು. ಊರಾಳು ಸೆರಗಿನಲ್ಲಿ ಬಟ್ಟಲು ತುಂಬಿಕೊಂಡು, ಒಬ್ಬೊಬ್ಬರ ಊರಿನ ಕಷ್ಟ ಕೇಳಿಕೊಂಡು, ಮುಂದಕ್ಕೆ ಬಂದು, ಎಲ್ಲವನ್ನೂ ಪೀಠದ ಮೆತ್ತೆಯ ಮೇಲೆ ಒಂದರ ಪಕ್ಕ ಒಂದು ಕೂರಿಸಿದಳು. ಆಮೇಲೆ ಪೀಠದ ಪಕ್ಕದಲ್ಲಿ ನಿಂತು ಮೊದಲನೆಯ ಬಟ್ಟಲನ್ನು ಹಂಡೆಗೆ ಬಿಟ್ಟಳು.

"ಪೀಠದಲ್ಲಿ ಕೂತವರು ಏಳೋ ಹಾಗಿಲ್ಲ" ಅಂದ ಹಿರಿಯ, ಹುಬ್ಬು ಗಂಟಿಕ್ಕಿ.

"ಹೌದ್ರೀ. ಬಟ್ಟಲ ಕುಂತಾವು, ಅವು ಏಳೂದಿಲ್ಲ. ನಾ ಎಲ್ಲಿ ಕುಂತೀನಿ?"

ಹಿಂದಿನ ಮೂಲೆಯಿಂದ ಮುದುಕ ಊರಾಳು ಮೊದಲು ನಕ್ಕ. ಆಮೇಲೆ ಅವನ ಸಾಲು, ಆಮೇಲೆ ಐನೂರು ಜನ. ಹಿರಿಯನಿಗೂ ತಡೆಯಲಿಕ್ಕೆ ಆಗಲಿಲ್ಲ, ತುಟಿ ಕಚ್ಚಿ ಮುಖ ಆಚೆ ತಿರುಗಿಸಿದ. ಊರಾಳು ಬಾವಿಯ ಮಾತು ಶುರು ಮಾಡಿದಳು. ಒಂದು ಬಟ್ಟಲು ಮುಳುಗಿದರೆ ಇನ್ನೊಂದನ್ನು ಬಿಟ್ಟಳು.

ಇತ್ತ ಊರಿನಲ್ಲಿ ಏನಾಯಿತು ಅನ್ನುವುದನ್ನು ಅಕ್ಕ ಆಮೇಲೆ ಅವಳಿಗೆ ಹೇಳಿದ್ದು, ಹೇಳುವಾಗ ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಊರವರೆಲ್ಲ ಕಟ್ಟೆಯ ಸುತ್ತ ಕೈ ಕೈ ಹಿಡಿದು, ಸೆಟೆದ ಮೊಣಕಾಲಿನಲ್ಲಿ ಐದು ವರ್ಷದ ಮೊದಲ ದಿನ ಕಳೆಯುತ್ತಿದ್ದರು. ಹೊತ್ತು ಸ್ವಲ್ಪ ಏರಿತ್ತು. ಇದ್ದಕ್ಕಿದ್ದಂತೆ ಎಲ್ಲರ ಕಾಲೂ ಒಟ್ಟಿಗೆ ಸಡಿಲಾಗಿ, ಊರಿಗೆ ಊರೇ ದಪ್ಪನೆ ನೆಲಕ್ಕೆ ಕೂತಿತು. ಹಿರೇ ನೇಕಾರ ಚೌರದವನ ತೊಡೆಯ ಮೇಲೆ ಕೂತಿದ್ದ. ಒಂದು ಬಟ್ಟಲಿನ ಹೊತ್ತು ಅಂದುಕೊಂಡರು. ಎರಡಾಯಿತು. ಹತ್ತಾಯಿತು. ನೆರಳು ಕಾಲ ಕೆಳಗೆ ಬಂತು. ಆಗ ಅಕ್ಕ ಮೆಲ್ಲಗೆ ಎದ್ದು, ಮನೆಗೆ ಹೋಗಿ, ಗುಂಡಿಯ ಮೇಲಿನ ಹಲಗೆಯನ್ನು ಎಳೆದು ಬಿಸಾಡಿದಳು. ಆ ಹಲಗೆ ಬಿದ್ದ ಸದ್ದು ಕೇಳಿ ಉಳಿದವರಿಗೆ ಪ್ರಜ್ಞೆ ಬಂತು.

ಹೀಗೆ ಊರಾಳು ದೊಡ್ಡ ಸಭೆಯಲ್ಲಿ ಇಪ್ಪತ್ತು ವರ್ಷ ನಿಂತಳು. ನಿಂತು ನಿಂತು ಕಾಲಿನ ಬಾವೂ ಇಳಿಯಿತು. ನಾನೂರು ಊರಿನ ಮಾತಾಡಿದಳು. ಮುದುಕನ ಊರಿಗೆ ಬಾವಿ ಬಂದ ವರ್ಷ ಮುದುಕ ತನ್ನ ಬಟ್ಟಲು ವಾಪಸು ಕೇಳಿ, ತಾನೇ ನಿಂತು ಮಾತಾಡಿದ. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಬಟ್ಟಲು ವಾಪಸು ಕೇಳಲಿಕ್ಕೆ ಹತ್ತಿದರು. ಕಾಲುವೆಯೂ ಬಂತು. ಹಿರಿಯ ಹೇಳಿದ್ದಕ್ಕಿಂತ ಒಂಬತ್ತು ವರ್ಷ ತಡವಾಗಿ ಬಂತು, ಬರುವಾಗ ದಾರಿಯ ಮೂವತ್ತು ಊರುಗಳನ್ನು ಹಾದು ಬಂತು. ಕೊನೆಗೆ ಪೀಠದ ಮೇಲೆ ಅವಳದೊಂದೇ ಬಟ್ಟಲು ಉಳಿಯಿತು. ಆ ದಿನ ಊರಾಳು ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕೈ ಮುಗಿದು, ಊರಿಗೆ ಬಂದಳು.

ಊರು ಮತ್ತೆ ನಿಲ್ಲುವ ದಿನ ಮಾಡಿತು. ಈ ಸಲ ಕೊನೆಯವರೆಗೆ ನಿಂತವನು ಬಣ್ಣದ ಹಂಡೆ ಕಲಕುವವನು. ಬಲು ನಾಚಿಕೆಯ ಆಸಾಮಿ, ಹಬ್ಬದ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹೊರಡುವ ಮುಂದೆ ಅವನು ಕಾಲು ಮುಟ್ಟಲಿಕ್ಕೆ ಬಂದಾಗ ಹಳೆಯ ಊರಾಳು ಹೇಳಿದ್ದು ಇಷ್ಟೇ: "ಏನೂ ತಿಳೀಲಿಲ್ಲಂದ್ರ ನೀಲಿ ಬಣ್ಣದ್ದು ಹೇಳಪ್ಪ. ಅಲ್ಲಿಂದ ತಾನ ಬರ್ತೈತಿ."

ಅವನು ಚಿಕ್ಕ ಸಭೆಗೆ ಕಾಲಿಟ್ಟ ದಿನ ಹಕ್ಕಿ ಕಾಯುವವಳು ಅಕ್ಕನ ಮನೆಯಲ್ಲಿದ್ದಳು. ದಾಳಿಂಬೆ ಸೀರೆ ಮುಗಿಯಲಿಕ್ಕೆ ಗೇಣು ಉಳಿದಿತ್ತು. ಕೈ ನಡುಗುವ ವಯಸ್ಸಾಗಿದ್ದರೂ ಆ ಗೇಣನ್ನು ಅಕ್ಕ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಇವತ್ತು ಮುಗಿಸಿ, ಇವತ್ತೇ ಉಡಿಸುವುದು ಅಂತ ಹಟ. ಅಕ್ಕ ಮಗ್ಗದ ಎದುರಿಗೆ ಆ ಮೆತ್ತೆ ಹಾಕಿ, "ಕುಂದ್ರು, ನೋಡ್ಕೋಂತ" ಅಂದಳು.

ತಂಗಿ ಕೂರಲಿಕ್ಕೆ ಹೋದಳು. ಆಗಲಿಲ್ಲ. ಮೊಣಕಾಲು ಒನಕೆಯಾಗಿ ನಿಂತಿತು. ಕೈಯಿಂದ ಒತ್ತಿ ನೋಡಿದಳು, ಗೋಡೆಗೆ ಒರಗಿ ಜಾರಿ ನೋಡಿದಳು. ಮೂವತ್ಮೂರು ವರ್ಷ ಊರನ್ನು ಕೂರಿಸಿದವಳಿಗೆ ಇದು ಹೀಗಿರುತ್ತದೆ ಅಂತ ಗೊತ್ತೇ ಇರಲಿಲ್ಲ.

"ಇಷ್ಟು ಗಟ್ಟಿ ಇರ್ತೈತೇನು ಇದು?"

"ಮತ್ತ ಬೆಣ್ಣಿ ಅಂದ್ಕೊಂಡಿದ್ದೇನು?" ಅಂದಳು ಅಕ್ಕ. ಅವಳೂ ಗುಂಡಿಯ ಅಂಚಿನಲ್ಲಿ ಲಾಳಿ ಹಿಡಿದು ನಿಂತೇ ಇದ್ದಳು.

ಹೊತ್ತು ಏರಿತು. ಬಣ್ಣದವನು ಏಳಲಿಲ್ಲ. ಓಣಿಯಲ್ಲಿ ಜನ ನಿಂತುಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಯಾರೂ ಬೈಯಲಿಲ್ಲ. ಆದರೆ ಆ ದೊಡ್ಡ ಮನೆತನದ ಮಹಾರಾಯ ಎಲ್ಲರಿಗೂ ನೆನಪಾಗಿದ್ದ. ತಂಗಿ ತನ್ನ ಸಲುವಾಗಿ ಕಳವಳಪಡಲಿಲ್ಲ; ಅಲ್ಲಿ ಆ ಗುಮ್ಮಟದ ಕೆಳಗೆ ಬಾಯಿ ತೆರೆದು ಮುಚ್ಚುತ್ತಿರುವ ಆ ಪಾಪದವನಿಗಾಗಿ ಕಳವಳಪಟ್ಟಳು. ಮೆಲ್ಲಗೆ ಅಂಗಳಕ್ಕೆ ಬಂದಳು. ಎರಡೂ ಕೈ ಬಾಯಿಗೆ ಹಿಡಿದು, ಅಟ್ಟಣಿಗೆಯ ಮೇಲಿಂದ ಗಿಣಿಯ ಹಿಂಡನ್ನು ಎಬ್ಬಿಸುತ್ತಿದ್ದ ಆ ಹಳೆಯ ದನಿಯಲ್ಲಿ ಸಭೆಯ ದಿಕ್ಕಿಗೆ ಕೂಗಿದಳು.

"ಏ... ಏಳೋ ನಮ್ಮಪ್ಪಾ!"

ಊರಿನ ಮರಗಳ ಹಕ್ಕಿಗಳೆಲ್ಲ ಎದ್ದು ಹಾರಿದವು. ನೂರು ಹರದಾರಿ ಆಚೆ ಅವನಿಗೆ ಕೇಳಿಸಿತೋ ಇಲ್ಲವೋ, ಹೇಳುವವನು ನಾನಲ್ಲ. ಹಕ್ಕಿಗಳು ಮರಕ್ಕೆ ವಾಪಸು ಬರುವಷ್ಟರಲ್ಲಿ ಮೊಣಕಾಲಿನಲ್ಲಿ ಏನೋ ಸಡಿಲಾಯಿತು. ಓಣಿಯ ಈ ತುದಿಯಿಂದ ಆ ತುದಿಯ ತನಕ ಜನ ಕೂತರು. ಒಳಗೆ ಅಕ್ಕ ಗುಂಡಿಗೆ ಕಾಲು ಇಳಿಬಿಟ್ಟಳು.

ತಂಗಿ ಒಳಗೆ ಬಂದು ಮೆತ್ತೆಯ ಮೇಲೆ ಕೂತಳು. ಅದನ್ನು ಮಾಡಿಕೊಟ್ಟು ಇಪ್ಪತ್ತು ವರ್ಷವಾಗಿತ್ತು, ಅದರ ಮೇಲೆ ಅವಳು ಕೂತದ್ದು ಇದೇ ಮೊದಲು. ಹಗಲು ಹೊತ್ತಿನಲ್ಲಿ, ಇನ್ಯಾರೋ ತನ್ನ ಸಲುವಾಗಿ ನಿಂತಿದ್ದಾರೆ ಅಂತ ಗೊತ್ತಿದ್ದು ಕೂತದ್ದೂ ಇದೇ ಮೊದಲು. ಕಣ್ಣಿನಿಂದ ನೀರು ತಾನಾಗಿ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ.

"ಏನ್ ಮಾತಾಡಾಕತ್ತಾನೋ ಏನೋ" ಅಂದಳು ಅಕ್ಕ, ಲಾಳಿ ಎಸೆಯುತ್ತ.

"ನೀಲಿ ಬಣ್ಣದ್ದು ಇರಬೇಕು."

"ಅದು ಎಷ್ಟೊತ್ತು ಬರ್ತೈತಿ?"

"ನಿನ್ನ ಗೇಣು ಮುಗಿಯೂ ತನಕ ಬರ್ತೈತಿ ಬಿಡು" ಅಂದು ಅವಳು ಕಾಲು ಚಾಚಿ, ಮಡಿಲಿಂದ ಒಂದು ಶೇಂಗಾ ತೆಗೆದು ಸುಲಿದಳು.